ಅಮ್ಮನ ಮದುವೆ ರೇಷ್ಮೆಯ ಪರದೆ

ಲೀಡ್ಸ್,
೨೭ ಫೆಬ್ರವರಿ ೧೯೧೦

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಹೆಬ್ಬಾತಿನ ಕೊಬ್ಬು ತಿಕ್ಕಿಕೊಳ್ಳುವುದನ್ನು ಬಿಟ್ಟಿಲ್ಲ ತಾನೆ? ನನಗೆ ಕೆಮ್ಮು. ಹೊಲಿಗೆಯವರಲ್ಲಿ ಕೆಮ್ಮಿಲ್ಲದವರು ಯಾರಿದ್ದಾರೆ ಬಿಡು.

ನಿನ್ನ ಮದುವೆ ಲಂಗದ ರೇಷ್ಮೆಯಲ್ಲಿ ನೀನು ಹೊಲಿದ ಪರದೆಯನ್ನು ಹಡಗಿನಲ್ಲಿ ಹೊಟ್ಟೆಗೆ ಸುತ್ತಿಕೊಂಡು ತಂದು ಇಲ್ಲಿನ ನಮ್ಮ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಕೊಟ್ಟೆನಲ್ಲ. ತೋರಾ ಗ್ರಂಥದ ಸುರುಳಿಗಳ ಕಪಾಟಿಗೆ ಪ್ರತಿ ಶನಿವಾರದ ಸಬ್ಬತ್‌ಗೆ ಅದನ್ನೇ ಇಳಿಬಿಡುತ್ತೇವೆ ಎಂದಿದ್ದರು. ಬಿಡಲಿಲ್ಲ. ನಿನ್ನ ಹೆಸರು ಕಸೂತಿ ಹಾಕಿಸುತ್ತೇವೆ ಎಂದಿದ್ದರು. ಹಾಕಿಸಲಿಲ್ಲ. ಬೇಡವಾದರೆ ನನ್ನ ಕೈಗೇ ಕೊಡುತ್ತೇವೆ ಎಂದಿದ್ದರು. ಕೊಡಲಿಲ್ಲ. ಈಗ ಅಲ್ಲಿ ತೂಗುತ್ತಿರುವುದು ಕೆಂಪು ಮಖಮಲ್ಲು, ಅದರ ಮೇಲೆ ಚಿನ್ನದ ದಾರದಲ್ಲಿ ಅಧ್ಯಕ್ಷ ಝೆಲಿಗನ ಹೆಸರು. ನಾನು ದುಡಿಯುವ ಕಾರ್ಖಾನೆಗೂ ಅವನೇ ಯಜಮಾನ, ದೇವರ ಮನೆಗೂ ಅವನೇ ಯಜಮಾನ.

ಕೇಳಿದೆ. ಒಗೆಯಲು ಹೋಗಿದೆ ಎಂದ. ಮತ್ತೆ ಕೇಳಿದೆ. ನುಸಿ ತಿಂದಿತ್ತು, ಪದ್ಧತಿಯಂತೆ ಸ್ಮಶಾನದಲ್ಲಿ ಹೂಳಿದೆವು ಎಂದ. "ಸಮಿತಿ ವಿಚಾರ ನಿಂಗ್ಯಾಕಮ್ಮ? ಹೋಗಿ ಗುಂಡಿ ಹೊಲಿ" ಎಂದು ನಕ್ಕ. ಯಾರಿಗೋ ಮಾರಿಕೊಂಡಿದ್ದಾನೆ ಎಂದೇ ಅಂದುಕೊಂಡೆ.

ನಮ್ಮ ಹೆಂಗಸರ ಹೆಣ ತೊಳೆಯುವ ಫ್ರೂಮೆ ಅಜ್ಜಿಯನ್ನು ಹಿಡಿದೆ. "ಮಾರಿಲ್ಲ ಕಣೇ ಹುಚ್ಚಿ. ಹನುಕ್ಕಾ ಹಬ್ಬದ ವಾರದಲ್ಲಿ ನಾನೇ ಕತ್ತರಿಸಿ ಹೆಣದ ಅಂಗಿ ಹೊಲಿದೆ. ಯಾವುದೋ ಪರದೇಶಿ ಹುಡುಗಿ, ರೈಲಿಂದ ಇಳಿದೋಳು, ಹಿಂದೆ ಮುಂದೆ ಯಾರೂ ಇಲ್ಲ ಅಂದ ಝೆಲಿಗ್. ಪುಣ್ಯದ ಕೆಲಸ ಅಲ್ವಾ?"

ಪುಣ್ಯವೇ. ಜೀರ್ಣವಾದ ಪವಿತ್ರ ಬಟ್ಟೆಯನ್ನು ದಿಕ್ಕಿಲ್ಲದ ಹೆಣಕ್ಕೆ ತೊಡಿಸಬಹುದು, ಅಪ್ಪನೂ ಹೇಳುತ್ತಿದ್ದ. ಆದರೆ ದಿಕ್ಕಿಲ್ಲ ಎಂದು ಹೇಳಿದವನು ಯಾರು? ಅದೇ ಹನುಕ್ಕಾ ವಾರ ಕಾರ್ಖಾನೆಯ ಇಸ್ತ್ರಿ ಕೋಣೆಯಲ್ಲಿ ಗ್ಯಾಸು ಸೋರಿತೆಂದು ನಮ್ಮನ್ನೆಲ್ಲ ಮನೆಗೆ ಅಟ್ಟಿದ. ಮರುದಿನ ಹೋದರೆ ಇಸ್ತ್ರಿ ಮಾಡುವ ಸಿವಿಯಾ ಇಲ್ಲ. ನಮ್ಮೂರ ಸಿವಿಯಾ, ನಿನ್ನ ಮನೆ ಹಿಂದಿನ ಬೀದಿಯವಳು. "ಅಮೆರಿಕಕ್ಕೆ ಹೋದ್ಲು, ಅದೃಷ್ಟವಂತೆ" ಎಂದ ಝೆಲಿಗ್. ನಾವೂ ನಂಬಿದೆವು, ಹೊಟ್ಟೆಯನ್ನೂ ಉರಿಸಿಕೊಂಡೆವು. ಅವಳ ಚಳಿಗಾಲದ ಕೋಟು ಇನ್ನೂ ಗೂಟದಲ್ಲೇ ಇದೆಯಮ್ಮಾ. ಯಾವ ಹುಡುಗಿ ಡಿಸೆಂಬರಿನಲ್ಲಿ ಕೋಟು ಬಿಟ್ಟು ಹಡಗು ಹತ್ತುತ್ತಾಳೆ?

ಪರದೆ ಹೋಯಿತೆಂದು ನೀನು ಅಳಬೇಡ. ನಾನೂ ಅಳುತ್ತಿಲ್ಲ. ತಮ್ಮಂದಿರಿಗೆ ಮುತ್ತು, ಅತ್ತೆಗೆ ನಮಸ್ಕಾರ. ನಿನ್ನ ಆಶೀರ್ವಾದ ಈಗ ನನಗೆ ಬೇಕೇ ಬೇಕು.

ನಿನ್ನ ಮಗಳು,
ಹಿಂಡೆ

ಮರೆತೆ: ಸಿವಿಯಾಳ ಅಮ್ಮನ ಮನೆಗೆ ಸುಮ್ಮನೆ ಮಾತಾಡಿಸಲು ಹೋದವಳ ಹಾಗೆ ಹೋಗು. ಹನುಕ್ಕಾ ಆದಮೇಲೆ ಮಗಳ ಕಾಗದ ಏನಾದರೂ ಬಂತಾ ಕೇಳು. ಬಂದಿದ್ದರೆ ನಾನು ಪಾಪಿ, ಝೆಲಿಗನ ಕಾಲು ಹಿಡಿಯುತ್ತೇನೆ. ಬಂದಿಲ್ಲವಾದರೆ, ಮಗಳ ಎಡ ಮೊಣಕೈ ಮೇಲೆ ಹಳೆಯ ಸುಟ್ಟ ಕಲೆ ಇತ್ತೇ ಎಂದು ಕೇಳು. ಫ್ರೂಮೆ ತೊಳೆದ ಹುಡುಗಿಗೆ ಇತ್ತು. ಇತ್ತು ಎಂದರೆ ಆ ತಾಯಿಯನ್ನು ಒಬ್ಬಳೇ ಬಿಟ್ಟು ಬರಬೇಡ. ಪೆಸಾಹ್ ಹಬ್ಬ ಕಳೆದ ಮೇಲೆ ಮಂದಿರದ ಮಹಾಸಭೆ. ಹೆಂಗಸರಿಗೆ ಮಹಡಿಯಲ್ಲಿ ಜಾಲರಿ ಹಿಂದೆ ಜಾಗವಂತೆ. ಈ ಸಲ ನಾವು ಕೆಳಗೇ, ಝೆಲಿಗನ ಎದುರಿಗೇ ಕೂರುವವರು. ಅಷ್ಟರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು. ಸಭೆ ಮೇ ಎಂಟು, ಭಾನುವಾರ, ಸಂಜೆ ಆರು ಗಂಟೆಗೆ.