ಒಬ್ಬರೇ ತಾನೆ

ನನ್ನನ್ನು ‘ಗಡಿಬಿಡಿ’ ಎಂದು ಕರೆಯುವ ಹಕ್ಕಿರುವ ಒಬ್ಬಳೇ ಒಬ್ಬಳಾದ ದೊಡ್ಡಮ್ಮನಿಗೆ,

ನೀನು ಹೊಲಿಗೆ ಯಂತ್ರದ ಮುಂದೆ ಕೂತು ಪೆಡಲ್ ತುಳಿಯುತ್ತಿದ್ದೀಯ. ಸೂಜಿಯಲ್ಲಿ ದಾರವಿಲ್ಲ, ಸುಮ್ಮನೆ ಸದ್ದು ಕೇಳಲಿಕ್ಕೆ. ಪಕ್ಕದ ಕೋಣೆಯಲ್ಲಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಪೆನ್ನು ಹಿಡಿದಿದ್ದೇನೆ. ಹತ್ತು ಹೆಜ್ಜೆ ದೂರದಲ್ಲಿರುವವಳಿಗೆ ಕಾಗದ ಬರೆಯುವುದು ಎಂಥ ಹುಚ್ಚು ಅನ್ನುತ್ತೀಯ. ಬಾಯಿಬಿಟ್ಟು ಹೇಳೋಣ ಅಂತ ಬೆಳಗಿನಿಂದ ಮೂರು ಸಲ ನಿನ್ನ ಬಳಿ ಬಂದೆ. ಮೂರು ಸಲವೂ ‘ನೀರು ಬೇಕಾ’ ಎಂದು ಕೇಳಿ ವಾಪಸಾದೆ. ಹೊಟ್ಟೆ ತುಂಬಾ ನೀರು ಕುಡಿಸಿಬಿಟ್ಟೆ ನಿನಗೆ.

ಕಣ್ಣಿನ ಆಸ್ಪತ್ರೆಯಲ್ಲಿ ಯಾರು ಯಾವತ್ತು ಬರಬೇಕು ಎಂದು ದಿನ ಕೊಡುವ ಪ್ರೋಗ್ರಾಂ ಬರೆದದ್ದು ನಾನು. ಅದನ್ನು ನೀನು ಇಡೀ ಬೀದಿಗೆ ಸಾರಿದ್ದೆ. ಆಸ್ಪತ್ರೆಗೆ ದಿಢೀರ್ ರಜೆ ಬಂದರೆ ಅವತ್ತಿನ ರೋಗಿಗಳನ್ನು ಮರುದಿನಕ್ಕೆ ತಳ್ಳಬೇಕು, ಮರುದಿನ ಭರ್ತಿಯಾಗಿದ್ದರೆ ಅದರ ಮಾರನೆಯ ದಿನಕ್ಕೆ. ನನ್ನ ಪ್ರೋಗ್ರಾಂ ಹಾಗೆ ಭರ್ತಿಯಾದಾಗ ಮಿಕ್ಕವರನ್ನು ಸರದಿಯ ಕಟ್ಟಕಡೆಗೆ ಒಯ್ದು ನಿಲ್ಲಿಸುತ್ತಿತ್ತು. ನಾನು ರಜೆಗೆ ಹೊರಡುವ ಹಿಂದಿನ ದಿನ ಅದು ಕಣ್ಣಿಗೆ ಬಿತ್ತು. ಮೂರು ವರ್ಷದಲ್ಲಿ ಸಿಕ್ಕ ಮೊದಲ ರಜೆ, ಬ್ಯಾಗು ಆಗಲೇ ಕಟ್ಟಿಯಾಗಿತ್ತು. ಹೀಗಾಗುವುದು ಅಪರೂಪ ಅಂದುಕೊಂಡು, ಪ್ರೋಗ್ರಾಂನ ಆ ಸಾಲಿನ ಮೇಲೆ ಒಂದು ಟಿಪ್ಪಣಿ ಬರೆದಿಟ್ಟೆ: ‘ಸದ್ಯಕ್ಕೆ ಹೀಗಿರಲಿ. ಬಂದ ಮೇಲೆ ಸರಿಮಾಡುತ್ತೇನೆ.’ ನಮ್ಮ ಕೆಲಸದಲ್ಲಿ ಎಲ್ಲರೂ ಹೀಗೆ ಬರೆದಿಡುತ್ತಾರೆ, ದೊಡ್ಡಮ್ಮ. ನೀನು ಮಾತ್ರ ಕಚ್ಚಾ ಹೊಲಿಗೆಯ ಕೆಂಪು ದಾರ ಒಂದೆಳೆ ಉಳಿದಿದ್ದರೂ ಬಟ್ಟೆಯನ್ನು ಬಾಗಿಲು ದಾಟಿಸುತ್ತಿರಲಿಲ್ಲ.

‘ರಜೆ ಅಂದ್ರೆ ರಜೆ. ಆ ಫೋನ್ ಆರಿಸಿಡು’ ಎಂದು ಕಳಿಸಿದವಳು ನೀನೇ. ನಾನು ಎಂಟು ದಿನ ಸಮುದ್ರದಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡಿದ್ದೆ. ಇಲ್ಲಿ ಬುಧವಾರ ನಿನ್ನ ಬಲಗಣ್ಣಿಗೆ ದೃಷ್ಟಿ ಉಳಿಸುವ ಇಂಜೆಕ್ಷನ್ ಆಗಬೇಕಿತ್ತು. ಎಡಗಣ್ಣು ಹೋಗಿ ಹನ್ನೆರಡು ವರ್ಷವಾಗಿತ್ತು, ಉಳಿದದ್ದು ಅದೊಂದೇ. ಬುಧವಾರ ಸರ್ಕಾರ ರಜೆ ಸಾರಿತು. ನಿನ್ನ ಫೋನಿಗೆ ಆರು ವಾರದಾಚೆಯ ಹೊಸ ದಿನಾಂಕ ಬಂತು. ಪಕ್ಕದ ಮನೆಯ ಟೀಚರ್ ಅದನ್ನು ಓದಿ, ಒಮ್ಮೆ ಹೋಗಿ ಕೇಳೋಣ ಬನ್ನಿ ಎಂದು ಕರೆದರಂತೆ. ‘ನಮ್ಮ ಹುಡುಗ ಬರೆದ ಕಂಪ್ಯೂಟರು, ಸುಮ್ಸುಮ್ನೆ ಹೇಳುತ್ತಾ?’ ಅಂದೆಯಂತೆ ನೀನು.

ರಜೆಯಿಂದ ಬಂದು ಕೇಳಿದೆನಲ್ಲ, ಆಸ್ಪತ್ರೆ ಆಯ್ತಾ ಅಂತ? ‘ಎಲ್ಲಾ ಆಗುತ್ತೆ, ಗಡಿಬಿಡಿ ಮಾಡ್ಬೇಡ’ ಅಂದೆ. ನನಗೆ ಎಲ್ಲಾ ಗೊತ್ತಿದೆ ಎಂದು ನೀನು ತಿಳಿದಿದ್ದೆ. ನಾನು ಆಫೀಸಿಗೆ ಓಡಿದೆ. ಆ ಸಾಲನ್ನು ಸರಿಮಾಡಲು ಹನ್ನೊಂದು ನಿಮಿಷ ಸಾಕಾಯಿತು. ರಜೆಯ ದಿನ ಎಷ್ಟು ಜನಕ್ಕೆ ಹೀಗಾಗಿದೆ ಎಂದು ಹುಡುಕಿದರೆ ಒಂದೇ ಒಂದು ನಂಬರ್ ಬಂತು. ನಮಗೆ ರೋಗಿಗಳ ಹೆಸರು ಕಾಣುವುದಿಲ್ಲ, ನಂಬರ್ ಮಾತ್ರ. ‘ಒಬ್ಬರೇ ತಾನೆ? ಆಸ್ಪತ್ರೆಯವರು ನೋಡ್ಕೋತಾರೆ ಬಿಡು’ ಅಂದಳು ನಮ್ಮ ತಂಡದ ಮುಖ್ಯಸ್ಥೆ. ನಾನೂ ‘ಸದ್ಯ, ಒಬ್ಬರೇ’ ಎಂದು ನೆಮ್ಮದಿಯ ಉಸಿರು ಬಿಟ್ಟೆ.

ಆರು ವಾರವಾದ ಮೇಲೆ, ಇದು ಮುಂದಿನ ಇಂಜೆಕ್ಷನ್ ಅಂದುಕೊಂಡು ನಿನ್ನ ಕೈಹಿಡಿದು ಆಸ್ಪತ್ರೆಗೆ ಹೋದೆ. ಮೆಟ್ಟಿಲು ತಡವುತ್ತಿದ್ದೆ ನೀನು, ವಯಸ್ಸು ಅಂದುಕೊಂಡೆ. ಡಾಕ್ಟರು ದೀಪ ಆರಿಸಿ, ಹಚ್ಚಿ, ಮತ್ತೆ ಆರಿಸಿ ನೋಡಿದರು. ‘ಇಷ್ಟು ದಿನ ಎಲ್ಲಿದ್ರಮ್ಮಾ?’ ಎಂದು ಕೇಳಿದರು. ನೀನು ನನ್ನ ಬೆನ್ನು ತಟ್ಟಿ ಹೇಳಿದೆ: ‘ಕಂಪ್ಯೂಟರೇ ಕೊಟ್ಟ ದಿನ ಡಾಕ್ಟ್ರೇ. ಅದನ್ನ ಬರೆದವನು ಇವನೇ.’ ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಇನ್ನು ಕಾಣುವುದು ಬೆಳಕು, ನೆರಳು ಅಷ್ಟೇ ಅಂದರು. ಸಾವಿರಾರು ಸಾಲು ತಿದ್ದಿದ್ದೇನೆ, ಹಿಂದಿನ ದಿನದ ಸ್ಥಿತಿಗೆ ಎಲ್ಲವನ್ನೂ ವಾಪಸ್ ಒಯ್ಯಬಲ್ಲೆ ಎಂದು ಜಂಬ ಕೊಚ್ಚಿಕೊಂಡಿದ್ದೇನೆ. ಇದೊಂದನ್ನು ಏನು ಮಾಡಲಿ, ದೊಡ್ಡಮ್ಮ? ನೀನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೀನೋ, ನನ್ನ ರಜೆಗಳೆಲ್ಲ ನಿನ್ನ ಸೇವೆಯಲ್ಲೇ ಮುಗಿದುಹೋಗುತ್ತವೆ ಎಂದು ನನಗಾಗಿ ಮರುಗುತ್ತೀಯ.

ಈಗ ಕರೆಂಟ್ ಬಿಲ್ಲಾಗಲಿ, ಔಷಧದ ಚೀಟಿಯಾಗಲಿ, ಯಾವ ಕಾಗದ ಬಂದರೂ ‘ಏನಿದೆಯೋ, ಓದಿ ಹೇಳು’ ಎಂದು ನನ್ನ ಕೈಗೇ ಕೊಡುತ್ತೀಯ. ಇದನ್ನೂ ಹಾಗೇ ಕೊಡುತ್ತೀಯ. ಆಗ ಎಲ್ಲಿಗೆ ಹೋಗಲಿ ನಾನು?

ಯಂತ್ರದ ಸದ್ದು ನಿಂತಿತು. ‘ಗಡಿಬಿಡಿ, ಸೂಜಿಗೆ ದಾರ ಪೋಣಿಸಿ ಕೊಡೋ, ಬೆರಳಿನ ಅಂದಾಜಲ್ಲಿ ಹೊಲಿದು ನೋಡ್ತೀನಿ’ ಎಂದು ಕರೆಯುತ್ತಿದ್ದೀಯ. ಬಂದೆ.

ನಿನ್ನ ಬೆರಳುಗಳಾದರೂ ನೂರು ಕಾಲ ದಾರಿ ತಪ್ಪದಿರಲಿ. ಈ ಕಾಗದವನ್ನು ನಿನ್ನ ಗುಂಡಿಗಳ ಡಬ್ಬಿಯ ತಳದಲ್ಲಿ ಇಡುತ್ತೇನೆ. ಸದ್ಯಕ್ಕೆ ಅಲ್ಲಿರಲಿ. ನಾಳೆ ಓದಿ ಹೇಳುತ್ತೇನೆ.

ನಿನ್ನ,
ಗಡಿಬಿಡಿ