ಬೂದಿ ಬಣ್ಣವನ್ನು ಮುಚ್ಚಬೇಡಿ

ಫೆಬ್ರವರಿ 30, 2191
ಆಲಮಟ್ಟಿ ಹಿನ್ನೀರಿನ ದಂಡೆ

ಹೃದಯದೊಳಗೆ ಇಣುಕುವ ಯಂತ್ರಗಳನ್ನು ಕಟ್ಟುತ್ತಿರುವ ಹಿರಿಯರಿಗೆ, ದೋಣಿ ನಡೆಸುವ ಬಂಗಾರೆವ್ವ ಅಂಬಿಗೇರ ಮಾಡುವ ಶರಣು.

ಮೇಲಿನ ತಾರೀಕು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಉಳಿದ ತಿಂಗಳುಗಳೆಲ್ಲ ಹೊಟ್ಟೆ ತುಂಬ ಉಣ್ಣುವಾಗ ಫೆಬ್ರವರಿಯೊಂದನ್ನೇ ನೀವು ಅರೆಹೊಟ್ಟೆಯಲ್ಲಿ ಇಟ್ಟಿದ್ದಿರಿ. ನಮ್ಮ ಅಜ್ಜಂದಿರ ಕಾಲದಲ್ಲಿ ಅದಕ್ಕೆ ನ್ಯಾಯ ಸಿಕ್ಕಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆ ಇರಲಿ. ಹೊಸ ಮಾತು ಬಂದಲ್ಲೆಲ್ಲ ಅರ್ಥ ಹೇಳುತ್ತ ಹೋಗುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೆ ಎಂದು ಕೇಳಬೇಡಿ, ನಮ್ಮ ಪೋಸ್ಟ್ ಮಾಸ್ತರಿಗೂ ಗೊತ್ತಿಲ್ಲ. ನಾಳೆ ನನ್ನ ಹೃದಯಕ್ಕೆ ಎರಡನೇ ಸಲ ಚಿಕಿತ್ಸೆ. ಮೊದಲನೆಯದು ಯಾಕೆ ಕೆಟ್ಟಿತು ಎಂಬುದನ್ನು ಮೇಜಿನ ಮೇಲೆ ಮಲಗುವ ಮೊದಲು ನಿಮಗೆ ಹೇಳಿಯೇ ತೀರಬೇಕು.

ಹಿನ್ನೀರಿನ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು ನನ್ನ ಕೆಲಸ. ಶಾಲೆಯ ಮಕ್ಕಳು, ಆಡುಗಳು, ಉಳ್ಳಾಗಡ್ಡಿ ಚೀಲಗಳು, ಮದುವೆಗೆ ಹೊರಟ ಬೀಗರು, ಎಲ್ಲರಿಗೂ ನನ್ನ ದೋಣಿಯೇ ಗತಿ. ನಮ್ಮ ದೋಣಿಗಳು ಬಿಸಿಲು ಕುಡಿದು ಓಡುತ್ತವೆ. ಚುಕ್ಕಾಣಿಗೆ ಕೈಯಿಟ್ಟ ಕೂಡಲೇ ದೋಣಿ ನಮ್ಮ ನಾಡಿ ನೋಡುತ್ತದೆ. ನಾಡಿ ಸರಿಯಿಲ್ಲದಿದ್ದರೆ ಜಪ್ಪಯ್ಯ ಅಂದರೂ ಹೊರಡುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಎದೆ ಕಾರಣವಿಲ್ಲದೆ ಓಡತೊಡಗಿತು, ದೋಣಿ ನಿಂತಿತು. "ಬಂಗಾರೀ, ನಿನ್ನ ದ್ವಾಣಿ ಮುನಿಸ್ಕೊಂಡೈತಲ್ಲ" ಎಂದು ದಂಡೆಯ ಮೇಲಿನವರು ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ಹೆದರಿದ್ದೆ, ಯಾಕೆಂದರೆ ದೋಣಿಯಿಲ್ಲದ ಬಂಗಾರೆವ್ವ ಹೇಗಿರುತ್ತಾಳೆಂದು ನನಗೆ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ.

ಈ ರೋಗಕ್ಕೆ ನಮ್ಮಲ್ಲೂ ನಿಮ್ಮ ಕಾಲದ ಮದ್ದೇ. ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಗೆಯನ್ನು ಹೃದಯದವರೆಗೆ ಏರಿಸುತ್ತಾರೆ. ಹಾದಿ ತಪ್ಪಿದ ವಿದ್ಯುತ್ತು ಹೊರಡುವ ಜಾಗದ ಸುತ್ತ ಅದರ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಸುಟ್ಟು ಬೇಲಿ ಹಾಕುತ್ತಾರೆ. ತುದಿ ಹೃದಯದ ಗೋಡೆಗೆ ಸರಿಯಾಗಿ ತಾಗಬೇಕು. ತಾಗದಿದ್ದರೆ ಬಿಸಿಯೆಲ್ಲ ರಕ್ತದಲ್ಲಿ ಹರಿದುಹೋಗುತ್ತದೆ, ಅತಿಯಾಗಿ ಒತ್ತಿದರೆ ಗೋಡೆಯೇ ತೂತಾದೀತು. ಮೇಲಾಗಿ ಆ ಗೋಡೆ ಸುಮ್ಮನೆ ನಿಲ್ಲುವಂಥದ್ದಲ್ಲ. ಪ್ರತಿ ಬಡಿತಕ್ಕೆ, ಪ್ರತಿ ಉಸಿರಿಗೆ ಸರಿಯುತ್ತದೆ. ಅದಕ್ಕೇ ಚಿಕಿತ್ಸೆ ನಡೆಯುವಾಗಲೇ ಕೋಣೆಯ ಗೋಡೆಯ ತುಂಬ ದೊಡ್ಡದಾಗಿ ಒಂದು ಚಿತ್ರ ಮೂಡುತ್ತಿರುತ್ತದೆ. ನಾವು ಅದನ್ನು ತಾಗುಪಟ ಎನ್ನುತ್ತೇವೆ. ತುದಿ ಬೂದಿ ಬಣ್ಣದಲ್ಲಿದ್ದರೆ ರಕ್ತದಲ್ಲಿ ತೇಲುತ್ತಿದೆ, ಹಸಿರಾದರೆ ತಾಗಿದೆ, ಕೆಂಪಾದರೆ ಒತ್ತಡ ಹೆಚ್ಚಾಗಿದೆ. ರೋಗಿಯ ಮನೆಯವರೊಬ್ಬರು ಆ ಚಿತ್ರದ ಮುಂದೆ ಕೂರುತ್ತಾರೆ; ಅವರು ಸಾಕ್ಷಿಗಣ್ಣು. ಪ್ರತಿ ಚುಕ್ಕೆ ಸುಡುವ ಮೊದಲು ಡಾಕ್ಟರು "ತಾಗೇತೇನ್ರಿ?" ಎಂದು ಕೇಳಬೇಕು, ಸಾಕ್ಷಿಗಣ್ಣು "ತಾಗೇತ್ರಿ" ಎನ್ನಬೇಕು. ಆಮೇಲೇ ಬೆಂಕಿ. ಡಾಕ್ಟರಿಗೆ ಕಣ್ಣಿಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೂ ನಮ್ಮವರ ಎದೆಯನ್ನು ನಮ್ಮವರ ಮಾತಿಲ್ಲದೆ ಸುಡಬಾರದು ಎಂಬುದು ನಮ್ಮ ಕಾಲದ ಕಟ್ಟಳೆ.

ನನಗೆ ಸಾಕ್ಷಿಗಣ್ಣಾಗಿ ಕೂತವಳು ಫಕೀರವ್ವ ಚಿಗವ್ವ, ತಾಯಿ ಸತ್ತ ಮೇಲೆ ನನ್ನನ್ನು ಸಾಕಿದ ಚಿಕ್ಕಮ್ಮ. ಅವತ್ತು ಪಟದ ಮೇಲೆ ಎಲ್ಲೆಲ್ಲೂ ಹಸಿರು, ನಮ್ಮ ಕಡೆಯ ಹಿಂಗಾರಿ ಹೊಲದಂತೆ. ಎಚ್ಚರವಾಗಿಯೇ ಮಲಗಿದ್ದ ನಾನೂ ನೋಡಿ ಖುಷಿಪಟ್ಟೆ. ಚಿಗವ್ವ ಪ್ರತಿ ಚುಕ್ಕೆಗೂ ಗಂಟಲು ಬಿಚ್ಚಿ "ತಾಗೇತ್ರಿ" ಎಂದಳು, ಆಮೇಲೆ ಊರಿಗೆಲ್ಲ ಸಕ್ಕರೆ ಹಂಚಿದಳು. ದೋಣಿಯೂ ಮುನಿಸು ಬಿಟ್ಟಿತು. ಮಳೆಗಾಲ ಕಳೆದ ಮೇಲೆ ಒಂದು ಸಂಜೆ, ಶಾಲೆ ಮಕ್ಕಳನ್ನು ಕರೆತರುವಾಗ, ನಟ್ಟನಡು ನೀರಿನಲ್ಲಿ ನನ್ನ ಎದೆ ಮತ್ತೆ ಓಡಿತು. ದೋಣಿ ನಿಂತಿತು. ಕಣ್ಣು ಕತ್ತಲಿಟ್ಟು ನಾನು ಚುಕ್ಕಾಣಿಯ ಮೇಲೆ ಬಿದ್ದೆ. ಇನ್ನೊಂದು ದೋಣಿ ಬರುವವರೆಗೆ ಮಕ್ಕಳು ಅಳುತ್ತಿದ್ದುದು ನನಗೆ ಕೇಳುತ್ತಿತ್ತು, ತಲೆ ಎತ್ತಲಾಗುತ್ತಿರಲಿಲ್ಲ. ಆ ಅಳು ಇನ್ನೂ ಕಿವಿಯಲ್ಲಿದೆ.

ಚಿಕಿತ್ಸೆ ಮಾಡಿದ್ದ ನದಾಫ ಡಾಕ್ಟರು ಪ್ರಾಮಾಣಿಕ ಹೆಂಗಸು. ಯಂತ್ರದೊಳಗೆ ಉಳಿದಿದ್ದ ಅವತ್ತಿನ ಮೂಲ ಚಿತ್ರವನ್ನು ತೆಗೆಸಿ ನೋಡಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ತೋರಿಸಿದರು. ಹಸಿರು ಕಂಡಿದ್ದ ಒಂದು ಮೂಲೆಯಲ್ಲಿ ನಿಜಕ್ಕೂ ತುದಿ ತಾಗಿ, ಎದ್ದು, ತಾಗಿ, ಎದ್ದು, ಬಹುಪಾಲು ಬೂದಿಯಲ್ಲೇ ಇತ್ತು. ಬೇಲಿಯಲ್ಲಿ ಅಲ್ಲೇ ಕಂಡಿ ಉಳಿದಿತ್ತು. ಆಗಿದ್ದಿಷ್ಟು: ಬಣ್ಣ ಮಿಣುಕಿದಾಗಲೆಲ್ಲ ಮನೆಯವರು ಗಾಬರಿಯಾಗಿ ಚೀರುತ್ತಾರೆಂದು ಆಸ್ಪತ್ರೆಯ ಮಂಡಳಿಯವರು ನೆಮ್ಮದಿ ಬಣ್ಣ ಎಂಬುದನ್ನು ತಂದಿದ್ದರು. ಎರಡು ಹಸಿರಿನ ನಡುವೆ ಬೂದಿ ಬಂದರೆ ಯಂತ್ರ ತಾನೇ ಊಹಿಸಿ ಹಸಿರು ತುಂಬುತ್ತದೆ. "ನನಗೂ ಇದನ್ನ ಯಾರೂ ಹೇಳಿರಲಿಲ್ರಿ, ನಾನೂ ಹಸಿರನ್ನೇ ನೋಡೀನಿ" ಎಂದರು ಡಾಕ್ಟರು. ಚಿಗವ್ವ, "ನನ್ನ ಮಗಳ ಎದಿ ಮ್ಯಾಲೆ ನನ್ನ ಬಾಯಿಂದನ ಸುಳ್ಳು ಹೇಳಿಸಿದ್ರಲ್ಲ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಂಡಳಿಯ ಬಾಗಿಲಿಗೆ ಅಲೆದು ಅಲೆದು ನಮ್ಮ ಚಪ್ಪಲಿ ಸವೆದವು. ಕೊನೆಗೆ ನನ್ನೊಬ್ಬಳಿಗೆ, ನಾಳೆಯ ಮಟ್ಟಿಗೆ, ಮೂಲ ಚಿತ್ರ ತೋರಿಸಲು ಒಪ್ಪಿದ್ದಾರೆ. ನಾನು ಇಷ್ಟಕ್ಕೆ ಬಿಡುವವಳಲ್ಲ. ಎದೆ ಸರಿಹೋದ ಮೇಲೆ ಮತ್ತೆ ಹೋಗಿ ಕೂರುತ್ತೇನೆ. ಆದರೆ ನಿಮ್ಮ ಕೈಯಲ್ಲಿ ಈ ಯಂತ್ರ ಇನ್ನೂ ಹಸಿಮಣ್ಣು, ತಿದ್ದುವುದು ಸುಲಭ. ನಿಮ್ಮ ಪಟ ಮಿಣುಕಿದರೆ ಮಿಣುಕಲಿ. ನೋಡುವವರು ಹೆದರಿದರೆ ಧೈರ್ಯ ಹೇಳಿ, ಆದರೆ ಬಣ್ಣ ಬಳಿದು ಸಮಾಧಾನ ಮಾಡಬೇಡಿ. ಯಂತ್ರಕ್ಕೆ ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದೇ ತೋರಿಸಲಿ.

ನಾಳೆಯೂ ಚಿಗವ್ವನೇ ಕೂರುತ್ತಾಳೆ. ಬೇರೆ ಯಾರಾದರೂ ಕೂರಲಿ ಎಂದರೆ ನನ್ನನ್ನೇ ಗದರಿದಳು. ಇವತ್ತು ರೊಟ್ಟಿ ತಟ್ಟುವಾಗ ಹಂಚಿನ ಮುಂದೆ ಒಬ್ಬಳೇ ಏನೋ ಹೇಳಿಕೊಳ್ಳುತ್ತಿದ್ದಳು. ಕಿವಿಗೊಟ್ಟರೆ, ಕಳೆದ ಸಲ ಅವಳ ಬಾಯಿಂದ ಒಮ್ಮೆಯೂ ಬಾರದ ಮಾತು: "ತಾಗಿಲ್ರಿ. ತಾಗಿಲ್ರಿ, ತಡೀರಿ."

ಆ ಮಾತಿನ ನಂಬಿಕೆಯ ಮೇಲೆ ನಾನು ನಾಳೆ ಮಲಗುತ್ತೇನೆ.

ಬಂಗಾರೆವ್ವ