ಗಲಬರಿಸಿದ ಬಾಟಲಿ

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಚುಕ್ಕಿ,

ಇಷ್ಟು ವರ್ಷ ಸುದ್ದಿಯಿಲ್ಲದೆ ಇದ್ದವಳು ಈಗ ಎಲ್ಲಿಂದ ವಕ್ಕರಿಸಿದಳು ಎಂದುಕೊಳ್ಳಬೇಡ. ಎಂದುಕೊಂಡರೂ ಸರಿಯೇ, ಕಾಗದವನ್ನು ಮಾತ್ರ ಪೂರ್ತಿ ಓದು. ನಿನ್ನನ್ನು ಚುಕ್ಕಿ ಎಂದು ಕರೆಯುವವರು ಈಗ ಯಾರಾದರೂ ಇದ್ದಾರೋ ಇಲ್ಲವೋ. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ, ಒಂದು ಹನಿ ಸಮುದ್ರದ ನೀರಿನಲ್ಲಿ ಹೊಳೆಯುವ ಚುಕ್ಕಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಎಣಿಸುತ್ತಿದ್ದವಳಿಗೆ ಬೇರೆ ಯಾವ ಹೆಸರು ಒಪ್ಪುತ್ತಿತ್ತು ಹೇಳು. ನನಗೆ ನೀನು ಇಟ್ಟ ಹೆಸರು ಗಡಿಬಿಡಿ. ಅದು ಎಷ್ಟು ಸರಿಯಾದ ಹೆಸರು ಎಂದು ಹೇಳುವುದಕ್ಕೇ ಕೂತಿದ್ದೇನೆ.

ಹೋದ ವಾರ ನಿನ್ನ ಮಗಳು ನಮ್ಮ ಲ್ಯಾಬಿಗೆ ಸಂದರ್ಶನಕ್ಕೆ ಬಂದಿದ್ದಳು. ನಿನ್ನ ಮಗಳೆಂದು ನನಗೆ ಯಾರೂ ಹೇಳಿರಲಿಲ್ಲ. ಬಾಗಿಲು ತಳ್ಳಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, ಪೆನ್ನಿನ ಕ್ಯಾಪನ್ನು ಹಲ್ಲಿನಲ್ಲಿ ಕಚ್ಚಿದಳು ನೋಡು, ಥೇಟ್ ನೀನೇ. ಜಾಣೆ ಕಣೆ ಅವಳು. ಆರ್ಕಿಯಾಗಳ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ನೋಡುವುದಕ್ಕೆ ಬ್ಯಾಕ್ಟೀರಿಯಾಗಳ ಹಾಗೇ ಇದ್ದರೂ ವಂಶ ಬೇರೆ, ಲೆಕ್ಕ ಹಾಕಿದರೆ ನಮಗೇ ಹತ್ತಿರದ ನೆಂಟರು. ಬೆಳಕು ತಲುಪದ ಆಳದಲ್ಲಿ ಅಮೋನಿಯಾ ಉಂಡು ಬದುಕುತ್ತವೆ, ಅವು ಉಂಡು ಬಿಟ್ಟದ್ದು ಪಕ್ಕದ ಬ್ಯಾಕ್ಟೀರಿಯಾಗಳಿಗೆ ಊಟ. ಇದೆಲ್ಲ ಈಗಿನವರ ಬಾಯಲ್ಲಿ ಮಗ್ಗಿಯ ಹಾಗೆ ಬರುತ್ತದೆ. ನಮ್ಮ ಕಾಲದಲ್ಲಿ ಯಾರಾದರೂ ಹೀಗೆಂದಿದ್ದರೆ ನಮ್ಮ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕುತ್ತಿದ್ದರು.

ಕೊನೆಯಲ್ಲಿ ನಾನೇ ಕೇಳಿದೆ, ಇದೇ ಲ್ಯಾಬ್ ಯಾಕಮ್ಮ ಬೇಕು ಅಂತ. ಅವಳು ನಕ್ಕಳು. ನಮ್ಮಮ್ಮನೂ ಇಲ್ಲೇ ಇದ್ರು, ಕೈ ಶುದ್ಧ ಇಲ್ಲ ಅಂತ ಬಿಡಬೇಕಾಯ್ತಂತೆ, ಈಗ್ಲೂ ಏನೇ ಮುಟ್ಟೋಕೂ ಮುಂಚೆ ಮೂರು ಸಲ ಕೈ ತೊಳೀತಾರೆ, ಬೈಂಡಿಂಗ್ ಅಂಗಡೀಲಿ ಅಂಟು ಕಲಸೋಕೂ ತೊಳೀತಾರೆ ಅಂದಳು. ಸುತ್ತ ಕೂತಿದ್ದವರೆಲ್ಲ ನಕ್ಕರು. ನಾನು ನೀರು ಕುಡಿಯುವ ನೆಪ ಮಾಡಿಕೊಂಡು ಹೊರಗೆ ಹೋದೆ.

ಹಡಗಿನ ಆ ಹದಿನೆಂಟು ದಿನ ನೆನಪಿದೆಯೇನೆ? ನನಗಂತೂ ಈಚೆಗೆ ಅದೇ ಧ್ಯಾನ. ಇಬ್ಬರಿಗೂ ಸೇರಿ ಒಂದು ಕೋಣೆ, ಮೇಲೊಂದು ಕೆಳಗೊಂದು ಹಾಸಿಗೆ. ನನ್ನ ಗೊರಕೆಗೆ ನೀನು ಕೆಳಗಿನಿಂದ ಹಲಗೆಗೆ ಒದೆಯುತ್ತಿದ್ದೆ. ಶೀತಲ ಕೋಣೆಗೆ ಹೋಗಲು ಇದ್ದದ್ದು ಒಂದೇ ದಪ್ಪ ಸ್ವೆಟರು, ಹಸಿರುಬಣ್ಣದ್ದು, ಮೊಣಕೈಯಲ್ಲಿ ತೂತು. ಒಬ್ಬಳು ಬಿಚ್ಚಿಕೊಡುವವರೆಗೆ ಇನ್ನೊಬ್ಬಳು ಹೊರಗೆ ಕಾಯಬೇಕು. ನೀನು ತೊಟ್ಟು ಬಿಚ್ಚಿದ್ದು ಬೆಚ್ಚಗಿರುತ್ತಿತ್ತು. ಅಡುಗೆಯವನ ಚಹಾ ಯಾವಾಗಲೂ ಉಪ್ಪುಪ್ಪು. ಇದನ್ನೂ ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡ್ಬೇಕು ಅಂತ ನೀನು ಅವನ ಎದುರಿಗೇ ಅಂದಿದ್ದೆ, ಮರುದಿನ ನಮಗೆ ಚಹಾವೇ ಸಿಗಲಿಲ್ಲ. ಸಾವಿರ ಮೀಟರ್ ಆಳದ ನೀರು ಮೇಲೆ ಬಂದಾಗ ಬಾಟಲಿಯ ಹೊರಮೈ ಬೆವರುತ್ತಿತ್ತು. ನೀನು ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಆಮೇಲೆ ನಾನು ಎಷ್ಟೋ ಹಡಗು ಹತ್ತಿದೆ, ಅಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ.

ಆಗ ಎಲ್ಲರದ್ದೂ ಒಂದೇ ನಂಬಿಕೆ. ಆರ್ಕಿಯಾ ಎಂದರೆ ಕುದಿಯುವ ಬುಗ್ಗೆ, ಉಪ್ಪಿನ ಗದ್ದೆ, ಕೊಳೆತ ಕೆಸರು. ತಣ್ಣಗಿನ ಸಾದಾ ಸಮುದ್ರದ ನೀರಿನಲ್ಲಿ ಅವಕ್ಕೇನು ಕೆಲಸ? ಹುಡುಕಿದರೆ ಗಂಟೇನು ಹೋಗುತ್ತೆ ಅಂತ ಹಟ ಹಿಡಿದವಳು ನೀನೊಬ್ಬಳೇ. ದಡಕ್ಕೆ ಬಂದು ನೀನು ಮೂರು ತಿಂಗಳು ಒದ್ದಾಡಿ ಪರೀಕ್ಷೆ ಮಾಡಿದೆ. ಫಿಲ್ಮಿನ ಮೇಲೆ ಗೆರೆ ಮೂಡಿದರೆ ಆರ್ಕಿಯಾ ಇದೆ, ಮೂಡದಿದ್ದರೆ ಇಲ್ಲ. ಆಗ ನಮಗಿದ್ದ ಅನುಕೂಲ ಅಷ್ಟೇ. ಆಳದ ನೀರಿನ ಹನ್ನೊಂದು ಬಾಟಲಿಗೂ ಗೆರೆ ಮೂಡಿತ್ತು. ನೀನು ಫಿಲ್ಮನ್ನು ಕಿಟಕಿಗೆ ಹಿಡಿದು, ನನ್ನ ತೋಳನ್ನು ಬಲವಾಗಿ ಚಿವುಟಿದೆ. ಆ ಗುರುತು ವಾರವಿಡೀ ಇತ್ತು.

ಹನ್ನೆರಡನೆಯದು ಬ್ಲ್ಯಾಂಕ್. ದಡದಿಂದ ಒಯ್ದ ಶುದ್ಧ ನೀರಿನ ಬಾಟಲಿ. ಅದರಲ್ಲಿ ಏನೂ ಇರಬಾರದು, ಇದ್ದರೆ ನಮ್ಮ ಕಡೆಯಿಂದಲೇ ಏನೋ ಸೇರಿದೆ ಎಂದರ್ಥ. ಅದಕ್ಕೂ ತೆಳುವಾಗಿ ಒಂದು ಗೆರೆ. ಬುಗ್ಗೆಯ ಆರ್ಕಿಯಾಗಳನ್ನು ನಮ್ಮ ಲ್ಯಾಬಿನಲ್ಲೇ ಬೆಳೆಸುತ್ತಿದ್ದೆವಲ್ಲ, ಅದೇ ನಿನ್ನ ಕೈಗೆ ಅಂಟಿ ಎಲ್ಲದಕ್ಕೂ ದಾಟಿದೆ ಎಂದರು ಮೇಷ್ಟ್ರು. ಅಂದು ಸಂಜೆ ಮೆಟ್ಟಿಲ ಮೇಲೆ, ಬ್ಲ್ಯಾಂಕ್ ಸರಿಯಾಗಿ ತುಂಬಿದ್ಯಾ ಅಂತ ನೀನು ನನ್ನನ್ನು ಒಂದೇ ಒಂದು ಸಲ ಕೇಳಿದೆ. ಹೂಂ ಅಂದೆ. ನೀನು ಎರಡನೇ ಸಲ ಕೇಳಲೇ ಇಲ್ಲ. ಮುಂದಿನ ತಿಂಗಳು ನೀನು ಬಿಟ್ಟು ಹೋದೆ. ಕಿಟಕಿ ಪಕ್ಕದ ನಿನ್ನ ಮೇಜು ನನಗೆ ಸಿಕ್ಕಿತು.

ಆ ಬ್ಲ್ಯಾಂಕನ್ನು ಹಾಳು ಮಾಡಿದವಳು ನಾನು, ಚುಕ್ಕಿ. ಸಮುದ್ರದ ನೀರು ಹಿಡಿಯುವ ಬಾಟಲಿಯನ್ನು ಮೊದಲು ಅದೇ ನೀರು ಹಾಕಿ ಕುಲುಕಿ ಚೆಲ್ಲಿ ಮೂರು ಸಲ ಗಲಬರಿಸಬೇಕು ಎಂಬುದು ನೀನೇ ನನಗೆ ಕಲಿಸಿದ ಪದ್ಧತಿ. ಬ್ಲ್ಯಾಂಕಿಗೆ ಮಾತ್ರ ಅದು ಕೂಡದು. ಅವತ್ತು ಸಮುದ್ರ ಹುಚ್ಚೆದ್ದಿತ್ತು, ವಾಂತಿ ಮಾಡಿ ಮಾಡಿ ನನ್ನ ತಲೆ ನೆಟ್ಟಗಿರಲಿಲ್ಲ. ಸಾಲಾಗಿ ಇಟ್ಟಿದ್ದ ಹನ್ನೆರಡು ಬಾಟಲಿಗಳನ್ನೂ ಆಳದ ನೀರಿನಲ್ಲೇ ಗಲಬರಿಸಿಬಿಟ್ಟೆ. ಹನ್ನೆರಡನೆಯದಕ್ಕೆ ಆಮೇಲೆ ಶುದ್ಧ ನೀರು ತುಂಬಿದೆ. ಒಳಗೋಡೆಯಲ್ಲಿ ಉಳಿದಿದ್ದ ನಾಲ್ಕು ಹನಿಯೇ ಸಾಕಾಯಿತು. ನಿನ್ನ ಕೈ ಶುದ್ಧವಾಗಿತ್ತು. ಆರ್ಕಿಯಾ ನಿಜವಾಗಿ ಸಮುದ್ರದಲ್ಲೇ ಇತ್ತು.

ಎರಡು ವರ್ಷದ ಮೇಲೆ ಬೇರೆ ಕಡೆಯವರು ಅದನ್ನೇ ಕಂಡು ಪ್ರಕಟಿಸಿದಾಗ, ಆ ದಿನವನ್ನು ಮನಸ್ಸಿನಲ್ಲಿ ತಿರುವಿಹಾಕುತ್ತ ಹೋದಂತೆ ನನಗೆ ಇದು ಹೊಳೆಯಿತು. ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ನಿನಗೆ ಮದುವೆಯಾಗಿತ್ತು, ಅಂಗಡಿ ಇಟ್ಟಿದ್ದೀಯೆಂದು ಕೇಳಿದ್ದೆ, ಸುಖವಾಗಿದ್ದಾಳೆ ಬಿಡು ಎಂದುಕೊಂಡೆ. ಆಮೇಲೆ ಮೇಷ್ಟ್ರು ತೀರಿಕೊಂಡರು, ಇನ್ನು ಯಾರಿಗೆ ಹೇಳಲಿ ಎಂದುಕೊಂಡೆ. ನೆಪಗಳಿಗೇನು ಬರವೇ?

ಈಗ ಎಲ್ಲವನ್ನೂ ನಿರ್ದೇಶಕರಿಗೆ ಬರೆದಿದ್ದೇನೆ. ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಗಬೇಕೆಂದು ಕೇಳಿದ್ದೇನೆ. ಸೋಮವಾರ ಕೊಡುತ್ತೇನೆ, ಅದರ ಪ್ರತಿ ಇದರ ಜೊತೆಗಿದೆ. ಹನ್ನೊಂದು ಬಾಟಲಿಗಳ ನೀರು ಸೋಸಿದ ಕಾಗದಗಳು ಫ್ರೀಜರಿನ ತಳದಲ್ಲಿ ಇನ್ನೂ ಇವೆ, ಮೇಲೆ ನಿನ್ನದೇ ಅಕ್ಷರ. ಈಗಿನ ಯಂತ್ರದಲ್ಲಿ ಅವುಗಳಲ್ಲಿರುವ ಆರ್ಕಿಯಾಗಳ ಡಿಎನ್‌ಎ ಪೂರ್ತಿ ಓದಿಸಿ, ಲ್ಯಾಬಿನವಲ್ಲ ಸಮುದ್ರದವೇ ಎಂದು ತೋರಿಸಬಹುದು.

ನಿನ್ನ ಮಗಳು ಆಯ್ಕೆಯಾಗಿದ್ದಾಳೆ. ಒಂದನೇ ತಾರೀಕಿನಿಂದ ನನ್ನ ಕೈಕೆಳಗೆ ಬರುತ್ತಾಳೆ. ಬಾಟಲಿ ಹಿಡಿಯುವುದನ್ನು ಅವಳಿಗೆ ನಾನೇ ಕಲಿಸಬೇಕು. ನಿನಗೆ ಸತ್ಯ ಗೊತ್ತಿಲ್ಲದೆ ಆ ಹುಡುಗಿಯ ಮುಖ ನೋಡಿಕೊಂಡು ಅದನ್ನು ಮಾಡಲಾರೆ. ನೀನು ಬೇಡವೆಂದರೆ ಅವಳಿಗೆ ಏನೂ ಗೊತ್ತಾಗದ ಹಾಗೆ ಪಕ್ಕದ ತಂಡಕ್ಕೆ ಕಳಿಸುತ್ತೇನೆ. ಒಂದು ಸಾಲು ಬರೆದರೆ ಸಾಕು. ಬೈದು ಬರೆದರೂ ನಿನ್ನ ಅಕ್ಷರ ನೋಡಿದ ಹಾಗಾಗುತ್ತದೆ.

ನಿನ್ನನ್ನು ಒಂದು ದಿನವೂ ಮರೆಯದ,
ಗಡಿಬಿಡಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಮ್ಮೆ ಓದಿದೆ. ಇದರಲ್ಲಿ ಒಂದು ಸುಳ್ಳಿದೆ. ನಿರ್ದೇಶಕರಿಗೆ ಬರೆದದ್ದರಲ್ಲೂ ಅದೇ ಸುಳ್ಳಿದೆ, ಆ ಪ್ರತಿಯನ್ನು ಹೊರಗೆ ತೆಗೆದಿದ್ದೇನೆ, ಹೊಸದಾಗಿ ಬರೆಯುತ್ತೇನೆ. ನನಗೆ ಹೊಳೆದದ್ದು ಎರಡು ವರ್ಷದ ಮೇಲಲ್ಲ. ಡೆಕ್ಕಿನ ಮೇಲೆ ಹನ್ನೆರಡನೇ ಬಾಟಲಿಯ ಮುಚ್ಚಳ ತಿರುಗಿಸುವಾಗಲೇ ಗೊತ್ತಾಗಿತ್ತು. ಬೇರೆ ಬಾಟಲಿ, ಶುದ್ಧ ನೀರು ಎರಡೂ ಪಕ್ಕದಲ್ಲೇ ಇದ್ದವು. ಬೈಸಿಕೊಳ್ಳಬೇಕಲ್ಲ ಎಂದು ಸುಮ್ಮನಾದೆ. ಮೆಟ್ಟಿಲ ಮೇಲೆ ನಿನಗೆ ಹೂಂ ಅಂದದ್ದು ಗೊತ್ತಿದ್ದೇ ಅಂದದ್ದು. ಅದಕ್ಕೂ ಮುಂಚೆ, ಮೇಷ್ಟ್ರು ಆ ತೆಳು ಗೆರೆಯನ್ನು ತೋರಿಸಿ ಇದು ಯಾರ ಕೈ ಅಂತ ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ನಿನ್ನ ಕೈಯನ್ನೇ ನೋಡಿದರು. ನಾನೂ ನೋಡಿದೆ.